ರಾಜನ ಕೊಡೆ ಹಿಡಿದ ಹಾಲಣ್ಣ

ಟೀ ಫ್ಯಾಕ್ಟರಿ ಕೆಲಸಕ್ಕೆ ಹೊಸದಾಗಿ ಸೇರುತ್ತಿರುವ ತಮ್ಮಂದಿರು, ತಂಗಿಯರು ಇದನ್ನು ಓದುವುದಾದರೆ ಮೊದಲು ಒಂದು ಲೋಟ ಟೀ ಮಾಡಿಕೊಂಡು ಬನ್ನಿ. ಹಾಲು ಬೇಡ, ಸಕ್ಕರೆ ಬೇಡ. ಬಾಯಿಗೆ ಚೆನ್ನಾಗಿಲ್ಲ ಅನ್ನಿಸಿದರೆ ಈಗಿನ ಟೀ ಮೇಕರನ್ನು ಬಯ್ಯಿರಿ. ನಾನು ರಿಟೈರ್ ಆಗಿ ಮೂರು ವರ್ಷವಾಯಿತು, ಆ ಪಾಪ ನನ್ನದಲ್ಲ.

ಟೀ ಮೇಕರ್ ಅಂದರೆ ಹೋಟೆಲಿನಲ್ಲಿ ಟೀ ಕಾಸುವವನಲ್ಲ. ನಮ್ಮ ಅತ್ತೆ ಸಾಯುವ ತನಕ ಹಾಗೇ ತಿಳಿದಿದ್ದರು, ಮದುವೆ ಮನೆಗಳಲ್ಲಿ ನನ್ನನ್ನು ಅಡುಗೆಯವರ ಕಡೆಗೇ ಕಳಿಸುತ್ತಿದ್ದರು. ತೋಟದಿಂದ ಬಂದ ಹಸಿ ಎಲೆ ಬಾಡಿ, ಅರೆದು, ಬಣ್ಣ ತಿರುಗಿ, ಒಣಗಿ, ಪುಡಿಯಾಗಿ ಮೂಟೆ ಸೇರುವ ತನಕ ಅದಕ್ಕೆ ತಂದೆಯೂ ತಾಯಿಯೂ ಆಗಿರುವವನು ಟೀ ಮೇಕರ್. ಕೊನೆಯಲ್ಲಿ ಅದನ್ನು ಕುದಿನೀರಿಗೆ ಹಾಕಿ, ಸದ್ದು ಮಾಡಿ ಹೀರಿ, ಉಗಿದು, ಸರಿ ಇದೆ ಅಥವಾ ಇಲ್ಲ ಎಂದು ಕಾಗದದ ಮೇಲೆ ಸಹಿ ಹಾಕುವವನೂ ಅವನೇ. ಮೂವತ್ತೊಂದು ವರ್ಷ ನಾನು ಹಾಗೆ ಉಗಿದಿದ್ದೇನೆ. ಒಂದು ಗುಟುಕು ಹೀರಿ, ಎಲೆ ಬೆಳಗಿನ ಬಿಸಿಲಿನ ಗುಡ್ಡದ್ದೋ ಸಂಜೆ ಬಿಸಿಲಿನ ಗುಡ್ಡದ್ದೋ ಹೇಳುತ್ತಿದ್ದೆ. ನನ್ನ ನಾಲಿಗೆಗೆ ಸಮನಾದ ನಾಲಿಗೆ ಈ ಬೆಟ್ಟದಲ್ಲಿ ಇನ್ನೊಂದಿರಲಿಲ್ಲ. ಇದು ಜಂಬವಲ್ಲ, ವಿಷಯ. ಜಂಬ ಮುಂದೆ ಬರುತ್ತದೆ.

ಕೆಲಸ ಕಲಿತದ್ದು ನೀಲಗಿರಿ ಬೆಟ್ಟದ ಕೋತಗಿರಿಯ ಒಂದು ಫ್ಯಾಕ್ಟರಿಯಲ್ಲಿ. ಸೇರಿದ ಮೊದಲ ತಿಂಗಳೇ ಎಲೆ ಬಾಡಿಸುವ ದೊಡ್ಡ ಹಾಲ್‌ನಲ್ಲಿ ತಣ್ಣನೆ ಗಾಳಿಯ ಬದಲು ಬಿಸಿ ಗಾಳಿ ಬಿಟ್ಟು ಊಟಕ್ಕೆ ಹೋದೆ. ತಿರುಗಿ ಬರುವಾಗ ಒಂದು ಇಡೀ ಟ್ರಫಿನ, ಅಂದರೆ ಕೆಳಗಿನಿಂದ ಫ್ಯಾನ್ ಗಾಳಿ ಬೀಸುವ ಉದ್ದನೆಯ ತೊಟ್ಟಿಯ, ಎಲೆ ಹಪ್ಪಳವಾಗಿತ್ತು. ಅಲ್ಲಿನ ಹಳೇ ಮೇಕರ್ ನನ್ನನ್ನು ಬಯ್ಯಲಿಲ್ಲ. ಅದೇ ಎಲೆಯಿಂದ ಟೀ ಮಾಡಿಸಿ ಒಂದು ವಾರ ನನಗೆ ಅದನ್ನೇ ಕುಡಿಸಿದರು. ಅವತ್ತಿನಿಂದ ನನ್ನ ನಾಲಿಗೆ ತಪ್ಪನ್ನು ಮರೆತಿಲ್ಲ.

ಅಲ್ಲಿಂದ ಇತ್ತಲಾರ್ ಕಡೆಗೆ ಬಂದೆ. ಇತ್ತಲಾರ್‌ನಿಂದಲೂ ಒಳಗೆ, ಬಸ್ಸು ತಿರುಗಿಸುವುದಕ್ಕೇ ಜಾಗ ಸಾಲದ ಒಂದು ಕಣಿವೆಯಲ್ಲಿ ಸಣ್ಣ ಬೆಳೆಗಾರರೆಲ್ಲ ಸೇರಿ ಸಂಘ ಮಾಡಿ ಕಟ್ಟಿದ ಫ್ಯಾಕ್ಟರಿ ಅದು. ಹೆಸರು ಹೇಳುವುದಿಲ್ಲ. ಅಲ್ಲಿನ ಟೀ ಕುಡಿಯುವವರು ಈಗಲೂ ಇದ್ದಾರೆ, ಅವರ ಹೊಟ್ಟೆ ತಣ್ಣಗಿರಲಿ.

ನಮ್ಮಲ್ಲಿಗೆ ಒಮ್ಮೆ ಕಾಲೇಜು ಓದಿದ ಸೂಪರ್‌ವೈಸರ್ ಒಬ್ಬರು ಬಂದರು. ಕುತ್ತಿಗೆಗೆ ಟೈ. ಬಂದ ದಿನವೇ ನಮಗೆಲ್ಲ ರುಚಿ ನೋಡುವುದು ಹೇಗೆ ಎಂದು ಪಾಠ ಮಾಡಿದರು. ನಾನು ಕೈಕಟ್ಟಿ ಕೇಳಿ, ಐದು ಕಪ್ ಟೀ ಸಾಲಾಗಿ ಇಟ್ಟು, ಯಾವುದು ಹೇಗಿದೆ ಎಂದು ವಿನಯದಿಂದ ಕೇಳಿದೆ. ಒಂದರಲ್ಲಿ ಬಿರುಸು ಇದೆ ಅಂದರು, ಒಂದು ಸಪ್ಪೆ ಅಂದರು, ಮೂರನೆಯದು ಹೆಚ್ಚು ಬೆಂದಿದೆ, ನಾಲ್ಕನೆಯದು ಪರವಾಗಿಲ್ಲ, ಐದನೆಯದನ್ನು ನಾಯಿಗೂ ಹಾಕಬಾರದು ಅಂದರು. ಐದೂ ಒಂದೇ ಪಾತ್ರೆಯ ಟೀ. ಉಳಿದದ್ದನ್ನು ಅವರ ಎದುರಿಗೇ ಒಂದೇ ಪಾತ್ರೆಗೆ ವಾಪಸ್ ಸುರಿದೆ, ಅಷ್ಟೇ. ಆಮೇಲೆ ಅವರು ಟೈ ಕಟ್ಟುವುದನ್ನು ಬಿಟ್ಟರು, ಒಳ್ಳೆಯ ಕೆಲಸಗಾರರೂ ಆದರು.

ಇಂಥ ಕೀಟಲೆ ಒಬ್ಬರ ಹತ್ತಿರ ಮಾತ್ರ ನಡೆಯುತ್ತಿರಲಿಲ್ಲ. ಅವರು ಹಾಲಣ್ಣ. ನನಗಿಂತ ಎರಡು ವರ್ಷಕ್ಕೆ ದೊಡ್ಡವರು, ಪಕ್ಕದ ಹಟ್ಟಿಯವರು, ಫ್ಯಾಕ್ಟರಿ ಶುರುವಾದ ದಿನದಿಂದ ಡ್ರೈಯರಿಗೆ ಉರಿ ಹಾಕುವ ಕೆಲಸ. ಡ್ರೈಯರಿನ ಪಕ್ಕದಲ್ಲಿ ಒಂದು ದೊಡ್ಡ ಒಲೆ ಇರುತ್ತದೆ. ಅದರ ಬೆಂಕಿಯೂ ಹೊಗೆಯೂ ಕಬ್ಬಿಣದ ಟ್ಯೂಬುಗಳ ಒಳಗೆ ಹಾದು ಚಿಮಣಿಗೆ ಹೋಗುತ್ತವೆ, ಆ ಟ್ಯೂಬುಗಳ ಹೊರಮೈ ಸವರಿ ಬಿಸಿಯಾದ ಶುದ್ಧ ಗಾಳಿ ಡ್ರೈಯರಿಗೆ ನುಗ್ಗಿ ಟೀಯನ್ನು ಒಣಗಿಸುತ್ತದೆ. ಬೆಂಕಿ ಸ್ವಲ್ಪ ಜಾಸ್ತಿಯಾದರೆ ಟೀ ಸೀಯುತ್ತದೆ, ಸ್ವಲ್ಪ ಕಮ್ಮಿಯಾದರೆ ಒಳಗೆ ಹಸಿ ಉಳಿದು ಮೂಟೆಯಲ್ಲೇ ಮುಗ್ಗುತ್ತದೆ. ಈಗ ಅದಕ್ಕೆ ಮಿನುಗುವ ಅಂಕಿಗಳ ಮೀಟರ್ ಬಂದಿದೆ. ಮೀಟರ್ ಹಾಕಿದ ವಾರ ನಾನು ಕದ್ದು ಅದರ ಮುಖಕ್ಕೆ ಹಳೇ ಕ್ಯಾಲೆಂಡರಿನ ಚೂರು ಅಂಟಿಸಿ, ಹಾಲಣ್ಣನನ್ನು ಕರೆದು ಬಿಸಿ ಎಷ್ಟು ಎಂದು ಕೇಳಿದೆ. ಅವರು ಡ್ರೈಯರ್ ಬಾಗಿಲ ಮೇಲೆ ಅಂಗೈ ಇಟ್ಟು ಒಂದು ಅಂಕಿ ಹೇಳಿದರು. ಕಾಗದ ಕಿತ್ತು ನೋಡಿದರೆ ಅದೇ ಅಂಕಿ. ಇನ್ನೊಂದು ದಿನ ಮೀಟರಿನ ಬಾಲದಂಥ ವೈರು ಸಡಿಲಿಸಿ ತಪ್ಪು ತೋರಿಸುವ ಹಾಗೆ ಮಾಡಿದೆ. ಹಾಲಣ್ಣ ಅದರ ಕಡೆ ನೋಡಿ, ಆಮೇಲೆ ನನ್ನ ಕಡೆ ನೋಡಿ, "ತಮ್ಮಾ, ಅದಕ್ಕ ಕೀಟಲೆ ಮಾಡಬೇಡ, ಅದು ಚಿಕ್ಕದು, ಈಗ ತಾನೇ ಕಲಿತಾ ಇದೆ" ಅಂದರು. ಕೀಟಲೆ ಮಾಡುವವನಿಗೆ ಇದಕ್ಕಿಂತ ದೊಡ್ಡ ಏಟು ಇಲ್ಲ.

ಈಗ ತಲೈವರ್ ವಿಷಯಕ್ಕೆ ಬರುತ್ತೇನೆ. ಸಂಘದ ಅಧ್ಯಕ್ಷರನ್ನು ನಾವೆಲ್ಲ ಕರೆಯುತ್ತಿದ್ದದ್ದೇ ಹಾಗೆ. ಸುಳ್ಳು ಹೇಳಬಾರದು, ಆ ಫ್ಯಾಕ್ಟರಿ ಎದ್ದು ನಿಂತದ್ದೇ ಅವರಿಂದ. ಖಾಸಗಿ ಫ್ಯಾಕ್ಟರಿಯವರು ನಮ್ಮ ಜನರ ಎಲೆಯನ್ನು ಗೇಟಿನಲ್ಲೇ ಕೊಡವಿ, ಬಲಿತಿದೆ, ಒದ್ದೆಯಿದೆ ಎಂದು ತಿರುಗಿ ಕಳಿಸುತ್ತಿದ್ದ ಕಾಲದಲ್ಲಿ, ಹಟ್ಟಿಹಟ್ಟಿಗೆ ನಡೆದು ಜನ ಕೂಡಿಸಿದವರು ಅವರು. ಆಗ ಅವರ ಕಾಲಿಗೆ ಚಪ್ಪಲಿಯೂ ಸರಿಯಾಗಿರಲಿಲ್ಲ. ಒಂದು ಎಲೆಯನ್ನೂ ನಮ್ಮ ಗೇಟಿನಿಂದ ತಿರುಗಿ ಕಳಿಸುವುದಿಲ್ಲ ಎಂದು ಅವರು ಮಾತು ಕೊಟ್ಟಾಗ ಮುದುಕಿಯರು ಅತ್ತಿದ್ದನ್ನು ನಾನೇ ನೋಡಿದ್ದೇನೆ.

ಜೀಪು ಬಂದ ಮೇಲೆ ಸ್ವಲ್ಪ ಸ್ವಲ್ಪವೇ ಬದಲಾದರು. ಮೊದಲು ಆಫೀಸಿನಿಂದ ಎದುರಿನ ಕುರ್ಚಿಗಳು ಹೋದವು, ಅವರ ಮುಂದೆ ಎಲ್ಲರೂ ನಿಂತೇ ಮಾತಾಡಬೇಕು. ಆಮೇಲೆ ಅವರ ಜೀಪು ತಿರುವಿನಲ್ಲಿ ಕಂಡ ಕೂಡಲೇ ಫ್ಯಾಕ್ಟರಿ ಸೈರನ್ ಕೂಗಿಸಬೇಕೆಂದು ಆರ್ಡರ್ ಬಂತು. ಒಂದು ದಿನ ನಾನು ಮೀನು ಮಾರುವವನ ಗಾಡಿಗೆ ಸೈರನ್ ಕೂಗಿಸಿಬಿಟ್ಟೆ. ಇಡೀ ಫ್ಯಾಕ್ಟರಿ ಎದ್ದು ಸಾಲಾಗಿ ನಿಂತು ಮತ್ತಿ ಮೀನಿಗೆ ನಮಸ್ಕಾರ ಮಾಡಿತು. ನನಗೆ ಮೂರು ದಿನ ಸಸ್ಪೆನ್ಷನ್. ಮತ್ತೊಮ್ಮೆ ಬೇರೆ ಫ್ಯಾಕ್ಟರಿಯ ಟೀ ತಂದು ಕಾಸಿ ತಲೈವರ್‌ಗೆ ಕೊಟ್ಟೆ. ನಮ್ಮ ಟೀ ಎಂದರೆ ಇದು, ಇದರ ಹತ್ತಿರ ಯಾರೂ ಬರಲಾರರು ಎಂದರು. ಅದನ್ನು ನಾನು ಯಾರಿಗೂ ಹೇಳಲಿಲ್ಲ, ಒಂದಿಪ್ಪತ್ತು ಜನಕ್ಕೆ ಬಿಟ್ಟು.

ಹಾಲಣ್ಣನಿಗೆ ಮಾತ್ರ ತಲೈವರ್ ಮೇಲಿನ ಭಕ್ತಿ ಕಮ್ಮಿಯಾಗಲಿಲ್ಲ. ಮೊದಲು ಚಪ್ಪಲಿ ಇಲ್ಲದೆ ಹಟ್ಟಿಗೆ ಬಂದ ಮನುಷ್ಯನನ್ನೇ ಅವರು ಕೊನೆಯ ತನಕ ನೋಡುತ್ತಿದ್ದರು. ಒಂದು ಮಳೆಗಾಲ ಗುಡ್ಡ ಜರಿದು ದಾರಿ ಮುಚ್ಚಿತು. ಕಟ್ಟಿಗೆ ಲಾರಿ ಬರಲಿಲ್ಲ. ನಮ್ಮ ಒಲೆಗೆ ಬೇಕಾದದ್ದು ಕರ್ಪೂರ ಮರದ ಕಟ್ಟಿಗೆ. ಕೆಳಗಿನ ಬಯಲುಸೀಮೆಯವರು ಅದನ್ನು ನೀಲಗಿರಿ ಮರ ಅನ್ನುತ್ತಾರೆ, ನೀಲಗಿರಿಯಲ್ಲಿರುವ ನಾವು ಅನ್ನುವುದಿಲ್ಲ. ಹಾಲ್‌ನಲ್ಲಿ ಎಲೆ ರಾಶಿ ಬಿದ್ದಿದೆ, ಒಲೆ ಆರುವುದಕ್ಕೆ ಒಂದೆರಡು ಗಂಟೆ ಇದೆ. ತಲೈವರ್ ಒಲೆಯ ಮುಂದೆ ಬಂದು ತಲೆ ಮೇಲೆ ಕೈಯಿಟ್ಟು ನಿಂತರು. ಹಾಲಣ್ಣ ಮನೆಯ ಕಡೆ ಹೊರಟು, ಸ್ವಲ್ಪ ಹೊತ್ತಿಗೆ ಹಟ್ಟಿಯ ಹತ್ತು ಜನರ ತಲೆ ಮೇಲೆ ಕಟ್ಟಿಗೆ ಹೊರಿಸಿಕೊಂಡು ಬಂದರು. ಮಗಳ ಮದುವೆ ಅಡುಗೆಗೆಂದು ವರ್ಷದಿಂದ ಒಣಗಿಸಿಟ್ಟ ಕಟ್ಟಿಗೆ. ಆ ಎಲೆ ಉಳಿಯಿತು. ಮಗಳ ಮದುವೆಗೆ ಸಿಕ್ಕಸಿಕ್ಕ ಹಸಿ ಕಟ್ಟಿಗೆ ಉರಿಸಿ ಊರೆಲ್ಲ ಕಣ್ಣೊರೆಸಿಕೊಂಡು ಊಟ ಮಾಡಿದೆವು. ಸಂಘದ ಸಭೆಯಲ್ಲಿ ತಲೈವರ್ ಹಾಲಣ್ಣನಿಗೆ ಶಾಲು ಹೊದಿಸಿ, ಈ ಫ್ಯಾಕ್ಟರಿಯ ಬೆಂಕಿ ಅಂದರೆ ಇವನೇ ಅಂದರು. ಹಾಲಣ್ಣ ಆ ಶಾಲನ್ನು ಒಂದು ದಿನವೂ ಹೊದೆಯಲಿಲ್ಲ, ಹಾಳಾಗುತ್ತದೆಂದು ಪೆಟ್ಟಿಗೆಯಲ್ಲಿಟ್ಟರು.

ಆಮೇಲೆ ಎರಡು ವರ್ಷಕ್ಕೆ ಟ್ಯೂಬ್ ಸೀಳಿತು.

ಮೇ ತಿಂಗಳು. ಗುಡ್ಡಗಳೆಲ್ಲ ಒಟ್ಟಿಗೇ ಚಿಗುರುವ ಕಾಲ, ಎಲೆ ಹಿಡಿಯಲಾಗದಷ್ಟು ಬರುತ್ತದೆ. ಒಲೆಯೊಳಗಿನ ಟ್ಯೂಬೊಂದು ಸೀಳಿ, ಚಿಮಣಿಗೆ ಹೋಗಬೇಕಾದ ಹೊಗೆ ಬಿಸಿಗಾಳಿಗೆ ಸೇರಿ ಟೀಗೆ ಹತ್ತತೊಡಗಿತು. ಮೊದಲು ಗೊತ್ತಾದದ್ದು ಹಾಲಣ್ಣನಿಗೆ. ಉರಿಯ ಸದ್ದು ಬದಲಾಗಿದೆ ಎಂದು ನೇರ ತಲೈವರ್ ಹತ್ತಿರ ಹೋಗಿ, ನಾಲ್ಕು ದಿನ ಡ್ರೈಯರ್ ನಿಲ್ಲಿಸಿದರೆ ಬೆಸುಗೆ ಹಾಕಿಸಬಹುದು ಎಂದರು. ನಾನೂ ಅಲ್ಲಿದ್ದೆ. ನಾಲ್ಕು ದಿನ ನಿಲ್ಲಿಸಿದರೆ ಎಲೆ ತಿರುಗಿ ಕಳಿಸಬೇಕಾಗುತ್ತದೆ, ನಾನು ಜನಕ್ಕೆ ಕೊಟ್ಟ ಮಾತು ಏನಾಗಬೇಕು ಎಂದು ತಲೈವರ್ ಸಿಟ್ಟಾದರು. ಕೊನೆಗೆ ಹಾಲಣ್ಣನ ಭುಜದ ಮೇಲೆ ಕೈಯಿಟ್ಟು ಅಂದರು:

"ನೀ ಉರಿ ಹಾಕು ಹಾಲಾ. ಏನ ಬಂದರೂ ಉತ್ತರ ನಾ ಹೇಳುವೆ."

ಹಾಲಣ್ಣ ಹೋಗಿ ಉರಿ ಹಾಕಿದರು. ಒಲೆಯ ಹತ್ತಿರ ನಿಂತು ಸೀಳಿನಿಂದ ಬರುವ ಹೊಗೆಯನ್ನು ತಾವೇ ಕುಡಿದರು. ಕೆಮ್ಮು ಶುರುವಾಯಿತು.

ಈಗ ನನ್ನ ಜಂಬ ಬರುತ್ತದೆ ಅಂದಿದ್ದೆನಲ್ಲ, ಇಲ್ಲಿದೆ. ಮೂರನೇ ದಿನದ ಟೀಯಲ್ಲಿ ನನ್ನ ನಾಲಿಗೆಗೆ ಹೊಗೆ ಸಿಕ್ಕಿತು. ತಲೈವರ್ ಹತ್ತಿರ ಹೋಗಿ ಹೇಳಿದೆ. ಅವರು ನಕ್ಕು, ಮೇಕರೇ, ನಿಮ್ಮ ನಾಲಿಗೆಗೆ ವಯಸ್ಸಾಯಿತು, ಬೇಕಿದ್ದರೆ ಚಿಕ್ಕವರನ್ನು ಯಾರನ್ನಾದರೂ ಹಾಕೋಣ ಎಂದರು. ನನಗೆ ಮೈ ಉರಿಯಿತು. ಆಫೀಸಿನಲ್ಲಿ ಬೇರೆಯವರೂ ಇದ್ದರು. ಕಾಗದ ತೆಗೆದು, ಸರಿ ಇದೆ ಎಂದು ಬರೆದು ಸಹಿ ಹಾಕಿದೆ. ಮರುದಿನವೂ ಹಾಕಿದೆ. ಹೊಗೆ ಇದೆ ಎಂದು ಬರೆದರೆ ನಿನ್ನೆಯ ಸಹಿ ಸುಳ್ಳಾಗುತ್ತದಲ್ಲ. ಹಾಗೆ ಮೂರು ವಾರ ಸಹಿ ಹಾಕಿದೆ. ಈ ಬೆಟ್ಟದಲ್ಲೇ ಸಮನಿಲ್ಲದ ನಾಲಿಗೆಯ ಕೆಲಸ ಅದು.

ಹೊಸಬರು ಇದೊಂದನ್ನು ನೆನಪಿಟ್ಟುಕೊಳ್ಳಿ. ಮೊದಲ ತಪ್ಪು ಸಹಿಯ ದಿನ ಹೋಗಿ ಒಪ್ಪಿಕೊಂಡರೆ ಬಯ್ಗುಳ ಮಾತ್ರ. ಎರಡನೆಯದರಿಂದಾಚೆ ನಿಮ್ಮ ಕೈ ನಿಮ್ಮ ಮಾತು ಕೇಳುವುದಿಲ್ಲ.

ಕೂನೂರಿನ ಹರಾಜಿಗೆ ಹೋದ ನಮ್ಮ ಟೀಯನ್ನು ಯಾರೂ ಮುಟ್ಟಲಿಲ್ಲ. ಮೂಟೆ ಮೂಟೆಯೇ ವಾಪಸ್ ಬಂತು. ಬೆಳೆಗಾರರು ಮಹಾಸಭೆ ಕರೆಸಿದರು. ಸ್ಕೂಲಿನ ಮೈದಾನದಲ್ಲಿ ಶಾಮಿಯಾನ, ಅಷ್ಟೂ ಹಟ್ಟಿಗಳ ಜನ. ತಲೈವರ್ ಮೈಕಿನ ಮುಂದೆ ಬಂದು ದುಃಖದ ದನಿಯಲ್ಲಿ ಮಾತಾಡಿದರು. ಒಬ್ಬನನ್ನು ಅತಿಯಾಗಿ ನಂಬಿದ್ದು ನನ್ನ ತಪ್ಪು ಎಂದರು. ಸೋಮಾರಿತನದಿಂದ ಹಸಿ ಕಟ್ಟಿಗೆ ಹಾಕಿ ನಿಮ್ಮೆಲ್ಲರ ಬೆವರನ್ನು ಹೊಗೆ ಮಾಡಿದ್ದಾನೆ, ನಾನೇ ಶಾಲು ಹೊದಿಸಿದ ಮನುಷ್ಯ ಎಂದರು. ಮೆಷಿನಿನಲ್ಲಿ ಯಾವ ದೋಷವೂ ಇಲ್ಲ, ನಮ್ಮ ಮೇಕರ್ ದಿನಾ ನೋಡಿ ಸಹಿ ಹಾಕಿದ್ದಾರೆ, ಇಲ್ಲೇ ಕುಳಿತಿದ್ದಾರೆ ಕೇಳಿ ಎಂದರು.

ಯಾರೂ ಕೇಳಲಿಲ್ಲ. ನಾನೂ ಎದ್ದು ನಿಲ್ಲಲಿಲ್ಲ. ಎದ್ದರೆ ನನ್ನ ನಾಲಿಗೆ ಮೂರು ವಾರ ಸುಳ್ಳು ಹೇಳಿತು ಎಂದು ಅಷ್ಟೂ ಜನರ ಮುಂದೆ ಹೇಳಬೇಕಿತ್ತು. ಹಾಲಣ್ಣ ಕಂಬಕ್ಕೆ ಒರಗಿ ನಿಂತಿದ್ದರು. ಕೆಮ್ಮುತ್ತಲೇ ಇದ್ದರು. ಅವರನ್ನು ಕೆಲಸದಿಂದ ತೆಗೆದರು, ರಿಟೈರ್ ಆಗಲು ಒಂದೂವರೆ ವರ್ಷ ಉಳಿದಿತ್ತು. ಅದಕ್ಕಿಂತ ಹೆಚ್ಚು ನೋಯಿಸಿದ್ದು ಜನರ ನಡತೆ. ಬಸ್ಸಿನಲ್ಲಿ ಅವರ ಪಕ್ಕ ಕೂರುವವರು ಎದ್ದು ಹೋದರು. ಎಲೆ ಮೂಟೆ ಹೊತ್ತ ಹೆಂಗಸರು ದಾರಿಯಲ್ಲಿ ಮುಖ ತಿರುಗಿಸಿದರು. ಮಗಳ ಗಂಡನ ಮನೆಯವರು ಹಬ್ಬಕ್ಕೆ ಕರೆಯಲಿಲ್ಲ. ಬೆಂಕಿಯನ್ನು ಅಷ್ಟು ವರ್ಷ ಸಾಕಿದ ಮನುಷ್ಯನಿಗೆ ಸೋಮಾರಿ ಎಂಬ ಹೆಸರು ಅಂಟಿತು.

ಟ್ಯೂಬ್ ಹಾಗೇ ಇತ್ತು. ಹಾಲಣ್ಣನ ಜಾಗಕ್ಕೆ ರವಿ ಎಂಬ ಇಬ್ಬರು ಮಕ್ಕಳ ತಂದೆಯನ್ನು ಹಾಕಿದರು, ಅವನೂ ಕೆಮ್ಮತೊಡಗಿದ. ದೋಷವಿಲ್ಲ ಎಂದು ಮೈಕಿನಲ್ಲಿ ಹೇಳಿದ ಮೇಲೆ ಬೆಸುಗೆ ಹಾಕಿಸುವುದು ಹೇಗೆ? ತಲೈವರ್ ಕೂಡ ತಮ್ಮ ಸಹಿಯಲ್ಲಿ ಸಿಕ್ಕಿಕೊಂಡಿದ್ದರು. ಮಳೆಗಾಲ ಬಂದು ಎಲೆ ಕಮ್ಮಿಯಾಗಿತ್ತು, ಸಣ್ಣ ಉರಿಯಲ್ಲಿ ಕೆಲಸ ಸಾಗಿಸುತ್ತಿದ್ದರು. ಆ ಟೀಯನ್ನು ಹರಾಜಿಗೆ ಕಳಿಸದೆ ಗುಟ್ಟಾಗಿ ಸಿಕ್ಕ ಬೆಲೆಗೆ ಮಾರಿಸುತ್ತಿದ್ದರು, ಅದಕ್ಕೆ ನನ್ನ ಸಹಿ ಯಾರೂ ಕೇಳುತ್ತಿರಲಿಲ್ಲ.

ನನಗೆ ಊಟ ಸೇರುತ್ತಿರಲಿಲ್ಲ. ಎದುರು ನಿಂತು ಹೇಳುವ ಧೈರ್ಯ ನನಗೆ ಹುಟ್ಟಿನಿಂದಲೇ ಇಲ್ಲ, ಇದ್ದದ್ದು ಕೀಟಲೆ ಒಂದೇ. ಆದ್ದರಿಂದ ಅದನ್ನೇ ಹಿಡಿದೆ.

ಜನವರಿಯಲ್ಲಿ ಹಿಮ ಬಿದ್ದು ಚಿಗುರು ಕರಕಲಾಗುತ್ತದೆ, ಎಲೆ ಬಾಡಿಸುವ ಹಾಲ್ ಖಾಲಿ ಬೀಳುತ್ತದೆ. ಆ ದಿನಗಳಲ್ಲಿ ಒಂದು ಭಾನುವಾರ ಮಧ್ಯಾಹ್ನ ಅಲ್ಲೇ ನಾಟಕ ಆಡುವುದು ನಮ್ಮ ಫ್ಯಾಕ್ಟರಿಯ ಪದ್ಧತಿ. ಕೆಲಸಗಾರರೇ ಪಾತ್ರ ಮಾಡುತ್ತಾರೆ, ಬೆಳೆಗಾರರು ಟ್ರಫುಗಳ ಅಂಚಿನಲ್ಲಿ ಕಾಲು ಇಳಿಬಿಟ್ಟು ನೋಡುತ್ತಾರೆ. ಸೋದರಮಾವನ ಮನೆಯಲ್ಲಿದ್ದುಕೊಂಡು ಗುಂಡ್ಲುಪೇಟೆಯಲ್ಲಿ ಏಳನೇ ಕ್ಲಾಸಿನವರೆಗೆ ಕನ್ನಡದಲ್ಲಿ ಓದಿದ ನಾನೇ ಪ್ರತಿ ವರ್ಷ ನಾಟಕ ಬರೆಯುವವನು. ರಾಜನ ಪಾತ್ರ ಯಾವಾಗಲೂ ತಲೈವರ್‌ಗೇ. ಅದು ಕೂಡ ಆರ್ಡರ್.

ಆ ವರ್ಷ ನಾನು ಬರೆದ ನಾಟಕದ ಕಥೆ ಇಷ್ಟೇ. ಒಬ್ಬ ರಾಜ, ಅವನಿಗೊಬ್ಬ ಕೊಡೆ ಹಿಡಿಯುವವನು. ನನ್ನ ಮೆರವಣಿಗೆ ಎಲ್ಲೂ ನಿಲ್ಲುವುದಿಲ್ಲ ಎಂದು ರಾಜ ಪ್ರಜೆಗಳಿಗೆ ಮಾತು ಕೊಟ್ಟಿದ್ದಾನೆ. ದಾರಿಯಲ್ಲಿ ಕೊಡೆ ಹರಿಯುತ್ತದೆ. ಒಂದು ಗಳಿಗೆ ನಿಂತರೆ ಹೊಲಿಯುತ್ತೇನೆ ಎಂದು ಕೊಡೆಯವನು ಬೇಡುತ್ತಾನೆ. ನಿಲ್ಲಬೇಡ, ನಾನಿದ್ದೇನೆ ಎನ್ನುತ್ತಾನೆ ರಾಜ. ಮಳೆ ಬಂದು ರಾಜನೂ ಪ್ರಜೆಗಳೂ ನೆನೆಯುತ್ತಾರೆ. ಮಳೆಯನ್ನು ಕರೆದವನೇ ಈ ಕೊಡೆಯವನು ಎಂದು ರಾಜ ಸಾರುತ್ತಾನೆ. ಕೊನೆಯಲ್ಲಿ ಕೊಡೆಯವನು, ಕೊಡೆ ಹರಿದಿದೆ ಎಂದು ನಾನು ಮೊದಲೇ ಹೇಳಿದ್ದೆ ಪ್ರಭು, ಉತ್ತರ ನಾನು ಹೇಳುವೆ ಎಂದವರು ನೀವು ಎನ್ನಬೇಕು. ರಾಜ ಅವನನ್ನು ಗಡಿ ದಾಟಿಸಬೇಕು.

ತಲೈವರ್‌ಗೆ ಇದು ಗೊತ್ತಾಗಲಿಲ್ಲವೇ ಎಂದು ನೀವು ಕೇಳಬಹುದು. ಅವರಿಗೆ ನಾನು ಅವರ ಮಾತುಗಳನ್ನು ಮಾತ್ರ ಬೇರೆ ಕಾಗದದಲ್ಲಿ ಬರೆದುಕೊಟ್ಟಿದ್ದೆ. ಬೇರೆಯವರ ಮಾತು ಓದುವ ಅಭ್ಯಾಸ ಅವರಿಗೆ ಬಹಳ ವರ್ಷದಿಂದ ಇರಲಿಲ್ಲ. ತಾಲೀಮಿಗೂ ತಮ್ಮ ಸರದಿಗೆ ಬಂದು, ಹೇಳಿ, ಜೀಪು ಹತ್ತುತ್ತಿದ್ದರು. ಕೊಡೆ ಹಿಡಿಯಲು ಹಾಲಣ್ಣನನ್ನು ಹಾಕುತ್ತೇನೆ ಅಂದಾಗ ಸ್ವಲ್ಪ ಹೊತ್ತು ಯೋಚಿಸಿ ಒಪ್ಪಿದರು. ಕ್ಷಮಿಸುವ ದೊಡ್ಡ ಮನಸ್ಸು ನನಗಿದೆ ಎಂದು ಜನ ನೋಡಲಿ ಎಂದರು.

ಹಾಲಣ್ಣನನ್ನು ಒಪ್ಪಿಸುವುದೇ ಕಷ್ಟವಾಯಿತು. ಸ್ಟೇಜು ಹತ್ತಿದವರಲ್ಲ. ಮನೆಯ ಜಗುಲಿಯಲ್ಲಿ ಕುಳಿತು ನಾನು ಇಡೀ ನಾಟಕ ಓದಿದೆ. ಅವರು ಕೇಳಿದರು:

"ಕೊಡೆಯವನು ಮೊದಲೇ ಹೇಳಿದ ಅಲ್ಲವಾ?"

"ಹೇಳಿದ ಅಣ್ಣಾ."

"ಆಗ ಪಕ್ಕದಲ್ಲಿ ಯಾರೂ ಇರಲಿಲ್ಲೆಯಾ? ಕೇಳಿಸಿಕೊಂಡವರು?"

ನಾನು ಕಾಗದ ಮಡಚಿ ಜೇಬಿಗೆ ಹಾಕಿದೆ. ಅವರು ಮತ್ತೆ ಕೇಳಲಿಲ್ಲ. ಕೊಡೆ ಎಷ್ಟು ಭಾರ ಇರುತ್ತದೆ ಎಂದು ವಿಚಾರಿಸಿದರು, ಅಷ್ಟೇ.

ನಾಟಕದ ದಿನ ಹಾಲ್ ತುಂಬಿತ್ತು. ತಲೈವರ್ ರಾಜನ ವೇಷದಲ್ಲಿ ಬಂದಾಗ, ಒಪ್ಪಿಕೊಳ್ಳಲೇಬೇಕು, ರಾಜನೇ ಬಂದ ಹಾಗಿತ್ತು. ಎಂಥ ದನಿ, ಎಂಥ ನಡೆ. ಮಳೆಯ ದೃಶ್ಯಕ್ಕೆ ನಾನು ಟ್ರಫುಗಳ ಫ್ಯಾನ್ ಅಷ್ಟನ್ನೂ ಒಟ್ಟಿಗೇ ಬಿಡಿಸಿದೆ. ರಾಜನ ಕಿರೀಟ ಹಾರಿ ಹೋಗಿ ಒಬ್ಬ ಅಕ್ಕನ ಮಡಿಲಿಗೆ ಬಿತ್ತು. ಜನ ಬಿದ್ದು ಬಿದ್ದು ನಕ್ಕರು. ಆದರೆ ರಾಜ, ಮಳೆ ಕರೆದವನು ಇವನೇ ಎಂದು ಹಾಲಣ್ಣನ ಕಡೆ ಬೆರಳು ತೋರಿಸಿದಾಗ ನಗು ನಿಂತಿತು. ಎಲ್ಲರಿಗೂ ಒಂದೇ ಬಾರಿಗೆ ಶಾಮಿಯಾನ ನೆನಪಾಯಿತು. ಫ್ಯಾನ್ ನಿಲ್ಲಿಸಿದೆ.

ಈಗ ಹಾಲಣ್ಣನ ಮಾತು. ನಾನು ಪರದೆಯ ಬದಿಯಲ್ಲಿ ನಿಂತಿದ್ದೆ. ಅವರು ಕೊಡೆಯನ್ನು ಮೆಲ್ಲಗೆ ನೆಲಕ್ಕೆ ಇಟ್ಟರು. ಪ್ರಭು ಅನ್ನಲಿಲ್ಲ. ನಾನು ಬರೆದದ್ದು ಒಂದನ್ನೂ ಹೇಳಲಿಲ್ಲ.

"ತಲೈವರೇ, ಸೀಳಿರೋದು ಮೂರನೇ ಸಾಲಿನ ಟ್ಯೂಬ್. ಎಡಗಡೆಯಿಂದ ನಾಲ್ಕನೇದು. ಬೆಸುಗೆ ಹಾಕೋರಿಗ ಹುಡುಕೋ ಕಷ್ಟ ಬೇಡ ಅಂತ ಹೇಳ್ತೆ. ಈಗ ಎಲೆ ಇಲ್ಲೆ, ನಿಲ್ಲಿಸಿದರ ಯಾರಿಗೂ ನಷ್ಟ ಇಲ್ಲೆ. ಆ ರವಿಗ ಚಿಕ್ಕ ಮಕ್ಕ ಇವೆ. ಎನ್ನ ಎದೆ ಹೋದ ಹಾಗೆ ಅವನ ಎದೆ ಹೋಗೋದು ಬೇಡ."

ತಮ್ಮ ಹೆಸರಿನ ಬಗ್ಗೆ ಒಂದು ಮಾತಿಲ್ಲ. ಶಾಲಿನ ಬಗ್ಗೆ ಇಲ್ಲ, ಮಗಳ ಬಗ್ಗೆ ಇಲ್ಲ.

ತಲೈವರ್ ಕಿರೀಟವಿಲ್ಲದ ತಲೆಯಲ್ಲಿ ನಿಂತಿದ್ದರು. ಆಮೇಲೆ, ಬೇರೇನೂ ತೋಚದೆ, ಬಾಯಿಪಾಠ ಮಾಡಿದ್ದ ಮಾತನ್ನೇ ಹೇಳಿದರು: "ಇವನನ್ನು ಗಡಿ ದಾಟಿಸಿ." ಭಟನ ವೇಷದಲ್ಲಿದ್ದ ರವಿ ಅಲ್ಲಾಡಲಿಲ್ಲ. ಅವನು ಕೆಮ್ಮುತ್ತಿದ್ದ.

ಮುಂದಿನ ಸಾಲಿನಿಂದ ನಂಜಿ ಹೆತ್ತೆ ಎದ್ದು ನಿಂತರು. ಹೆತ್ತೆ ಅಂದರೆ ನಮ್ಮಲ್ಲಿ ಅಜ್ಜಿ. ಆ ಕಣಿವೆಯಲ್ಲಿ ಎಲ್ಲರಿಗಿಂತ ಹಿರಿಯ ಬೆಳೆಗಾರ್ತಿ, ತಲೈವರನ್ನು ಎತ್ತಿ ಆಡಿಸಿದವರು. ಎಂಬತ್ತು ದಾಟಿದರೂ ಎಲೆ ತಾವೇ ಕೊಯ್ಯುತ್ತಾರೆ.

"ಏನ ಟ್ಯೂಬ್ ಅದು? ನೀ ಕಟ್ಟಿಗೆ ಹಸಿ ಅಂದೆ" ಎಂದು ತಲೈವರನ್ನೇ ಕೇಳಿದರು.

"ನಾಟಕ ಮುಗೀಲಿ ಹೆತ್ತೆ, ಆಮೇಲೆ ಮಾತಾಡುವೋ."

"ನಾಟಕ ಮುಗಿದಾಯ್ತು. ನೀ ಇಳಿ."

ಆಗ ನನ್ನ ಕಾಲು ನನ್ನನ್ನು ಕೇಳದೆಯೇ ಮುಂದೆ ಹೋಯಿತು. ನಾನು ಬರೆದ ನಾಟಕದಲ್ಲಿ ನನಗೆ ಪಾತ್ರವಿರಲಿಲ್ಲ. ಆದರೂ ಸ್ಟೇಜಿನ ಮಧ್ಯಕ್ಕೆ ಬಂದು, ಹಾಲಣ್ಣ ಟ್ಯೂಬ್ ವಿಷಯ ಹೇಳಿದ ದಿನ ನಾನೂ ಅಲ್ಲಿದ್ದೆ ಎಂದೆ. ಉತ್ತರ ನಾನು ಹೇಳುವೆ ಎಂದು ತಲೈವರ್ ಅಂದದ್ದನ್ನು ಕೇಳಿಸಿಕೊಂಡೆ ಎಂದೆ. ಮೂರನೇ ದಿನವೇ ಹೊಗೆ ರುಚಿ ಸಿಕ್ಕಿತ್ತು, ಸುಳ್ಳು ಸಹಿ ಹಾಕಿದೆ ಎಂದೆ. ಯಾರೂ ನಂಬುವ ಮುಖದಲ್ಲಿರಲಿಲ್ಲ. ಮೂವತ್ತು ವರ್ಷ ಕೀಟಲೆ ಮಾಡಿದವನ ಗತಿ ಅದು, ನಿಜ ಹೇಳಿದ ದಿನ ಎಲ್ಲರೂ ನಗುವುದಕ್ಕೆ ತಯಾರಾಗುತ್ತಾರೆ.

ಆದ್ದರಿಂದ ರುಚಿ ರೂಮಿನ ಬಾಗಿಲು ತೆಗೆಸಿದೆ. ಪ್ರತಿ ದಿನದ ಟೀಯಿಂದ ಒಂದು ಹಿಡಿ ತೆಗೆದು, ತಾರೀಖು ಬರೆದು ಡಬ್ಬಿಯಲ್ಲಿಡುವುದು ಫ್ಯಾಕ್ಟರಿಯ ರೂಢಿ, ಒಂದು ವರ್ಷ ಇಡಬೇಕು. ಮೇ ತಿಂಗಳ ಡಬ್ಬಿಗಳನ್ನೂ ಹಿಮ ಬೀಳುವ ಮುಂಚೆ ಜನವರಿಯಲ್ಲಿ ತುಂಬಿದ ಡಬ್ಬಿಗಳನ್ನೂ ಸಾಲಾಗಿ ಇಟ್ಟು, ನೀರು ಕುದಿಸಿ, ಕಪ್ಪುಗಳಿಗೆ ಹಾಕಿದೆ. ಬೆಳೆಗಾರರು ಒಬ್ಬೊಬ್ಬರೇ ಬಂದರು. ಅವರಲ್ಲಿ ಬಹಳ ಜನ ಜೀವಮಾನವಿಡೀ ಎಲೆ ಬೆಳೆದಿದ್ದರೂ ತಮ್ಮ ಎಲೆಯ ಟೀಯನ್ನು ಹಾಗೆ ಹಾಲಿಲ್ಲದೆ ಹೀರಿ ನೋಡಿದವರಲ್ಲ. ಟ್ಯೂಬ್ ಸೀಳಿದ ಮೊದಲೆರಡು ದಿನದ್ದು ಕುಡಿದು ತಲೆಯಾಡಿಸಿದರು. ಮೂರನೇ ದಿನದ್ದನ್ನು ನಂಜಿ ಹೆತ್ತೆ ಹೀರಿ, ಬಾಯಲ್ಲಿ ತಿರುಗಿಸಿ, ನನಗಿಂತ ಚೆನ್ನಾಗಿ ಉಗಿದರು.

"ಇದು ಎನ್ನ ಅಡುಗೆಮನೆ ಗೋಡೆ" ಎಂದರು.

ಇಪ್ಪತ್ತನೇ ದಿನದ್ದು ಇನ್ನೂ ಕಪ್ಪು ಗೋಡೆ. ಹಾಲಣ್ಣನನ್ನು ತೆಗೆದು ಎಷ್ಟೋ ತಿಂಗಳಾದ ಮೇಲಿನ, ಈ ಜನವರಿಯ ಡಬ್ಬಿ ಕೊಟ್ಟೆ. ಅದೂ ಗೋಡೆಯೇ. ಅದನ್ನು ಕುಡಿದವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಯಾರೂ ಕೂಗಾಡಲಿಲ್ಲ. ಬಸ್ಸಿನಲ್ಲಿ ಹಾಲಣ್ಣನ ಪಕ್ಕದಿಂದ ಎದ್ದು ಹೋಗಿದ್ದ ಒಬ್ಬ ಬಂದು ನೆಲದಲ್ಲಿದ್ದ ಕೊಡೆಯನ್ನು ಎತ್ತಿ ಮಡಚಿ ಅವರ ಕೈಗೆ ಕೊಟ್ಟ.

ತಲೈವರ್ ಜೀಪಿನಲ್ಲಿ ರಾಜನ ವೇಷದಲ್ಲೇ ಹೋದರು. ಸೈರನ್ ಕೂಗಿಸಲು ಯಾರೂ ಹೋಗಲಿಲ್ಲ. ನಾನೂ ಹೋಗಲಿಲ್ಲ. ಅವತ್ತು ಅವರನ್ನು ನೋಡಿ ನನಗೆ ಕೀಟಲೆ ಮಾಡಬೇಕೆನ್ನಿಸಲಿಲ್ಲ. ಮುಂದಿನ ಸಲ ಚುನಾವಣೆಗೆ ನಿಲ್ಲಲಿಲ್ಲ, ಮೈ ಸರಿಯಿಲ್ಲ ಅಂದರು. ಕ್ಷಮೆ ಕೇಳಿದರಾ ಎಂದರೆ, ಇಲ್ಲ. ಅದನ್ನು ಬರೆಯುವ ಭಾಗ್ಯ ನನಗಿಲ್ಲ. ನನಗೆ ಸುಳ್ಳು ಸಹಿಗೆ ಎರಡು ತಿಂಗಳು ಸಸ್ಪೆನ್ಷನ್ ಆಯಿತು. ಮೀನಿನ ಗಾಡಿಗಿಂತ ಇದೇ ನ್ಯಾಯವಾದದ್ದು.

ಸಂಘದವರು ಹಾಲಣ್ಣನ ಮನೆಗೆ ಹೋಗಿ ಕೆಲಸಕ್ಕೆ ಕರೆದರು. ಸನ್ಮಾನ ಮಾಡುತ್ತೇವೆ ಎಂದರು. ಸನ್ಮಾನ ಬೇಡ, ಬೆಸುಗೆ ಯಾವತ್ತು ಎಂದು ಕೇಳಿದರಂತೆ. ಮೂರನೇ ಸಾಲು, ಎಡದಿಂದ ನಾಲ್ಕನೆಯದು. ವೆಲ್ಡರ್ ಬಂದು ನೋಡಿದಾಗ ಅದೇ ಟ್ಯೂಬ್, ಅದೇ ಜಾಗ. ಬೆಸುಗೆ ಮುಗಿದು ಮೊದಲ ಉರಿ ಹಾಕುವ ದಿನ ಹಾಲಣ್ಣ ಬೆಳಗ್ಗೆಯೇ ಬಂದು ಒಲೆಯ ಮುಂದೆ ಕುಳಿತಿದ್ದರು. ಸಸ್ಪೆನ್ಷನ್‌ನಲ್ಲಿದ್ದರೂ ನಾನು ಹೋದೆ. ಗೇಟಿನವನು ನನ್ನ ಹಳೇ ಶಿಷ್ಯ, ಆ ಕಡೆ ತಿರುಗಿ ನಿಂತ.

ಹಾಲಣ್ಣನ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕುಳಿತೆ.

"ಅಣ್ಣಾ, ಅವತ್ತು ಶಾಮಿಯಾನದಲ್ಲಿ ನಾ ಎದ್ದು ನಿಲ್ಲಲಿಲ್ಲ" ಎಂದೆ.

ಅವರು ಬೆಂಕಿಯಿಂದ ಕಣ್ಣು ತೆಗೆಯಲಿಲ್ಲ.

"ಗೊತ್ತು. ನಾ ನಿನ್ನನ್ನೇ ನೋಡ್ತಾ ಇದ್ದೆ."

ಆಮೇಲೆ ಗದ್ದದಿಂದ ಹೊರಗಿನ ಕಟ್ಟಿಗೆ ರಾಶಿಯ ಕಡೆ ತೋರಿಸಿ, ಒಣಗಿದ್ದು ನೋಡಿ ತಾ ಎಂದರು. ತಂದೆ. ಇನ್ನೊಂದು ಹೊರೆ ಎಂದರು. ಅದನ್ನೂ ತಂದೆ. ಆ ದಿನದ ಎಲೆಯೆಲ್ಲ ಒಣಗಿ ಮುಗಿಯುವ ತನಕ ಫ್ಯಾಕ್ಟರಿಯ ಟೀ ಮೇಕರ್ ಕಟ್ಟಿಗೆ ಹೊತ್ತ, ಹಾಲಣ್ಣ ಒಂದೊಂದನ್ನೂ ಕೈಯಲ್ಲಿ ತೂಗಿ ನೋಡಿ ಕೆಲವನ್ನು ಹಸಿ ಎಂದು ತಿರುಗಿ ಕಳಿಸಿದರು. ನಾನು ಬಾಯಿ ಮುಚ್ಚಿಕೊಂಡು ಬೇರೆ ತಂದೆ.